ಮಕ್ಕಳ ಸುಟ್ಟಗಾಯ: ಸೋಂಕಿನ ಸುಳಿವು, ಹಿಂಸೆಯ ಗುರುತು

ಬೆಂಗಳೂರಿನ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳ ಇಕ್ಕಟ್ಟಾದ ಮನೆಗಳಲ್ಲಿ ಬಕೆಟ್ಟಿಗೆ ಹೀಟರ್ ಕಾಯಿಲ್ ಇಳಿಬಿಟ್ಟು ಸ್ನಾನದ ನೀರು ಕಾಯಿಸುವುದೂ ಸಾರಿನ ಪಾತ್ರೆಯನ್ನು ನೆಲದ ಮೇಲೆ ಇರಿಸುವುದೂ ಹೊಸದಲ್ಲ. ಆದ್ದರಿಂದ ಅಂಬೆಗಾಲಿಡುವ ಮಕ್ಕಳು ಬೆಂಕಿಗಿಂತ ಹೆಚ್ಚಾಗಿ ಬಿಸಿ ದ್ರವದಿಂದಲೇ ಸುಟ್ಟುಕೊಳ್ಳುತ್ತಾರೆ, ಮತ್ತು ಅವರ ಚರ್ಮ ತೆಳುವಾಗಿರುವುದರಿಂದ ಗಾಯವೂ ಬೇಗನೆ ಆಳಕ್ಕೆ ಇಳಿಯುತ್ತದೆ.

ಸುಟ್ಟ ಮೊದಲ ದಿನಗಳಲ್ಲಿ ಸೋಂಕಿಲ್ಲದೆಯೂ ಜ್ವರ ಬರಬಹುದಾದ್ದರಿಂದ ಜ್ವರವೊಂದನ್ನೇ ನಂಬಿ ತೀರ್ಮಾನಿಸಲಾಗದು. ಗಾಯದ ಸುತ್ತಲಿನ ಕೆಂಪು ಹರಡುವುದು, ತಗ್ಗಬೇಕಾದ ನೋವು ಏರುವುದು, ಹಸಿರು ಛಾಯೆಯ ಕೀವು, ದುರ್ವಾಸನೆ, ಗುಲಾಬಿ ಬಣ್ಣದ ಗಾಯ ಕಪ್ಪಿಗೆ ತಿರುಗುವುದು ಸೋಂಕಿನ ಸೂಚನೆಗಳು. ಅಂಗೈಯಗಲದ ಗಾಯವಿರುವ ಮಗುವಿಗೂ ಕೆಲವು ದಿನಗಳೊಳಗೆ ವಿಪರೀತ ಜ್ವರ, ಮೈತುಂಬ ಕೆಂಪು ದದ್ದು, ವಾಂತಿಭೇದಿ ಕಾಣಿಸಿಕೊಂಡು ಮಂಕು ಕವಿದರೆ, ಅದು ರೋಗಾಣುವಿನ ವಿಷ ರಕ್ತಕ್ಕೆ ಸೇರಿ ಉಂಟಾಗುವ 'ಟಾಕ್ಸಿಕ್ ಶಾಕ್' ಆಗಿರಬಹುದು; ಆಗ ಒಂದು ಗಂಟೆಯ ವಿಳಂಬವೂ ಸಲ್ಲದು. ಗಾಯಕ್ಕೆ ದೋಸೆಹಿಟ್ಟು, ಪೇಸ್ಟ್, ಅರಿಶಿನ ಮೆತ್ತುವ ಬದಲು ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಹರಿಸುವುದೇ ಸರಿಯಾದ ಪ್ರಥಮ ಚಿಕಿತ್ಸೆ.

ಹಿಂಸೆಯನ್ನು ಗುರುತಿಸುವುದು ಸೋಂಕನ್ನು ಗುರುತಿಸುವುದಕ್ಕಿಂತ ಕಷ್ಟ. ಮೈಮೇಲೆ ಚೆಲ್ಲಿದ ನೀರು ಕೆಳಗಿಳಿಯುತ್ತ ತಣಿಯುವುದರಿಂದ ಆಕಸ್ಮಿಕ ಗಾಯದ ಅಂಚು ಅಂಕುಡೊಂಕಾಗಿರುತ್ತದೆ ಮತ್ತು ಸುತ್ತ ಹನಿ ಸಿಡಿದ ಕಲೆಗಳಿರುತ್ತವೆ. ಬಲವಂತವಾಗಿ ಅದ್ದಿ ಹಿಡಿದ ಕಾಲಿನಲ್ಲಾದರೋ ಕಾಲುಚೀಲ ತೊಡಿಸಿದಂತೆ ನೇರ ಗೆರೆ ಮೂಡುತ್ತದೆ. ಸಿಗರೇಟಿನ ಸುಟ್ಟಗುರುತು ಒಂದು ಸೆಂಟಿಮೀಟರಿಗೆ ತುಸು ಕಡಿಮೆ ಅಗಲದ ದುಂಡು ಗಾಯ. ಆದರೆ ಚರ್ಮದ ಸೋಂಕಿನ ಬೊಕ್ಕೆಯೂ ಹಾಗೆಯೇ ಕಾಣಬಹುದಾದ್ದರಿಂದ ದುಡುಕಿ ತಂದೆತಾಯಿಯ ಮೇಲೆ ದೋಷ ಹೊರಿಸುವುದೂ ಅನ್ಯಾಯವೇ. ನಡೆಯಲು ಬಾರದ ಮಗು ತಾನೇ ಒಲೆ ಹತ್ತಿರ ಹೋಯಿತೆಂಬ ವಿವರಣೆ, ಪ್ರತಿಸಲ ಬದಲಾಗುವ ಹೇಳಿಕೆ, ಕಾರಣವಿಲ್ಲದ ತಡ, ಬೇರೆಬೇರೆ ಕಾಲದ ಹಳೆಯ ಕಲೆಗಳು ಒಟ್ಟುಗೂಡಿದಾಗ ಅನುಮಾನಕ್ಕೆ ಬಲ ಬರುತ್ತದೆ.

ಕರ್ನಾಟಕದಲ್ಲಿ ಇನ್ನೂ ಒಂದು ತೊಡಕಿದೆ. ಹಸುಗೂಸಿಗೆ ಕಾಮಾಲೆಯೋ ಅಪಸ್ಮಾರವೋ ಬಂದಾಗ ಹೊಟ್ಟೆಯ ಮೇಲೆ ಕಾದ ಸಲಾಕೆಯಿಂದ ಬರೆ ಹಾಕುವ ಪದ್ಧತಿ ಕೆಲವೆಡೆ ಉಳಿದಿದ್ದು, ಅಲ್ಲಿ ದ್ವೇಷವಿಲ್ಲ, ಮಗು ಬದುಕಲೆಂಬ ಆತಂಕವಿದೆ. ಆದರೂ ಮಗುವಿನ ಪಾಲಿಗೆ ಅದು ಸೋಂಕಿಗೆ ತೆರೆದ ಗಾಯವೇ, ಮೂಲ ಕಾಯಿಲೆಯ ಚಿಕಿತ್ಸೆಗೂ ಅದರಿಂದ ತಡವಾಗುತ್ತದೆ.

ನಗರದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಸುಟ್ಟಗಾಯ ವಿಭಾಗ ಇಂಥ ಗಾಯಗಳ ಚಿಕಿತ್ಸೆಗೆ ಮೀಸಲಾಗಿದೆ. ಹಿಂಸೆಯ ಅನುಮಾನವಿದ್ದಲ್ಲಿ ವೈದ್ಯರು ಅದನ್ನು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣವೆಂದು ದಾಖಲಿಸುತ್ತಾರೆ. ನೆರೆಹೊರೆಯವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಗಾಯದ ಅಳತೆ, ಛಾಯಾಚಿತ್ರ, ಮಗು ಆಡಿದ ಮಾತು ಆ ದಿನವೇ ದಾಖಲಾಗಬೇಕು. ಅದೇ ಮನೆಯಲ್ಲಿರುವ ಇತರ ಮಕ್ಕಳ ಮೈಯನ್ನೂ ಪರೀಕ್ಷಿಸಬೇಕು.