ಎರಡು ವಾರದ ಓಟ, ನಿಲ್ಲದ ಎದೆಬಡಿತ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ, ಸುಮಾರು ಮೂವತ್ತೆರಡರ ಯುವಕನೊಬ್ಬ ತಾಯಿಯೊಂದಿಗೆ ಬಂದಿದ್ದ. ರಾತ್ರಿ ನಿದ್ರೆಯಿಲ್ಲ, ಎದೆ ಡವಡವ, ಹೊಟ್ಟೆಯಲ್ಲಿ ಉರಿ. ಇ.ಸಿ.ಜಿ., ಥೈರಾಯ್ಡ್, ರಕ್ತದ ಸಕ್ಕರೆ ಎಲ್ಲವೂ ಸರಿಯಾಗಿದ್ದವು. ‘ಭಾನುವಾರ ಸಂಜೆಯಾದ್ರೆ ಸಾಕು, ಇವನ ಮುಖ ಸಪ್ಪಗಾಗುತ್ತೆ ಡಾಕ್ಟ್ರೇ’ ಎಂದರು ತಾಯಿ. ಕಾಯಿಲೆಯ ಸುಳಿವು ಆ ಮಾತಿನಲ್ಲೇ ಇತ್ತು.

ಆತ ತನ್ನ ಕೆಲಸದ ರೀತಿಯನ್ನು ವಿವರಿಸಿದ. ಅದಕ್ಕೆ ‘ಅಜೈಲ್’, ಅಂದರೆ ಚುರುಕು ಪದ್ಧತಿ ಎಂದು ಹೆಸರು. ದೊಡ್ಡ ಕೆಲಸವನ್ನು ತುಂಡು ಮಾಡಿ, ಸಾಮಾನ್ಯವಾಗಿ ಎರಡೆರಡು ವಾರಕ್ಕೆ ಒಂದಷ್ಟನ್ನು ಮುಗಿಸಿ ತೋರಿಸಬೇಕು. ಈ ಅವಧಿಯೇ ‘ಸ್ಪ್ರಿಂಟ್’. ದಿನಕ್ಕೊಂದು ಹದಿನೈದು ನಿಮಿಷದ ಸಭೆ. ಮಾತು ಬೆಳೆಯದಿರಲೆಂದು ನಿಂತೇ ನಡೆಸುವುದು ರೂಢಿ. ಈತನ ತಂಡದ ಅರ್ಧ ಜನ ಅಮೆರಿಕದಲ್ಲಿರುವುದರಿಂದ ಸಭೆ ನಡೆಯುವುದು ರಾತ್ರಿ ಒಂಬತ್ತೂವರೆಗೆ. ‘ನಿನ್ನೆ ಏನು ಮುಗಿಸಿದೆ ಅಂತ ದಿನಾ ಹೇಳ್ಬೇಕು ಸಾರ್. ಹೇಳೋಕೆ ಏನಾದ್ರೂ ಇರ್ಲಿ ಅಂತ ಮಧ್ಯರಾತ್ರಿವರೆಗೂ ಕೂರ್ತೀನಿ.’ ಶುಕ್ರವಾರ ಒಂದು ಸ್ಪ್ರಿಂಟ್ ಮುಗಿದರೆ ಸೋಮವಾರ ಇನ್ನೊಂದು ಶುರು.

ಸ್ಪ್ರಿಂಟ್ ಎಂದರೆ ನೂರು ಮೀಟರಿನಂಥ ಓಟ. ಆಗ ಅಡ್ರಿನಲಿನ್ ಸ್ರವಿಸಿ ಹೃದಯ ಜೋರಾಗಿ ಬಡಿಯುತ್ತದೆ, ರಕ್ತದೊತ್ತಡ ಏರುತ್ತದೆ. ಗೆರೆ ಮುಟ್ಟಿದ ಓಟಗಾರ ಕುಳಿತು ಸುಧಾರಿಸಿಕೊಳ್ಳುತ್ತಾನೆ, ಎಲ್ಲವೂ ತಹಬಂದಿಗೆ ಬರುತ್ತದೆ. ಗಡುವಿನ ಆತಂಕಕ್ಕೂ ನಮ್ಮ ಶರೀರ ಬಹುಮಟ್ಟಿಗೆ ಹೀಗೆಯೇ ಸ್ಪಂದಿಸುತ್ತದೆ. ಆದರೆ ಇಲ್ಲಿ ಗೆರೆಯೇ ಇಲ್ಲ. ಮಲಗುವ ಹೊತ್ತಿಗೆ ಇಳಿದಿರಬೇಕಾದ ಕಾರ್ಟಿಸಾಲ್ ಇಳಿಯದಿದ್ದರೆ ಕಣ್ಣು ಮುಚ್ಚಿದರೂ ನಿದ್ರೆ ಹತ್ತುವುದಿಲ್ಲ.

ಸೋಜಿಗವೆಂದರೆ, ಈ ಪದ್ಧತಿಯನ್ನು ರೂಪಿಸಿದವರು ಇದನ್ನು ಮರೆತಿರಲಿಲ್ಲ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿರುವ ಸ್ನೋಬರ್ಡ್‌ನಲ್ಲಿ ಸೇರಿದ 17 ಮಂದಿ ತಂತ್ರಜ್ಞರು ‘ಅಜೈಲ್’ ಎಂಬ ಹೆಸರು ಕೊಟ್ಟರು. ಎಷ್ಟು ಕಾಲ ಬೇಕಾದರೂ ಕಾಯ್ದುಕೊಳ್ಳಬಹುದಾದ ಸಮನಾದ ವೇಗವೇ ಇರಬೇಕೆಂಬುದು ಅವರ 12 ತತ್ವಗಳಲ್ಲೊಂದು. ಅವರಲ್ಲೊಬ್ಬರಾದ ಕೆಂಟ್ ಬೆಕ್ ಅದಕ್ಕೂ ಮೊದಲೇ ವಾರಕ್ಕೆ 40 ಗಂಟೆಯ ದುಡಿಮೆಯನ್ನು ತಮ್ಮ ವಿಧಾನದ ನಿಯಮವಾಗಿಸಿದ್ದರು. ಸಭೆ, ಗಡುವುಗಳನ್ನು ಉಳಿಸಿಕೊಂಡು ಈ ನಿಯಮವನ್ನು ಕೈಬಿಟ್ಟರೆ ದೋಷ ಪದ್ಧತಿಯದ್ದೆನ್ನಲು ನನಗೆ ಮನಸ್ಸಿಲ್ಲ.

ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ತಿಳಿಸಿದವು. ತೀರದ ದಣಿವು, ಕೆಲಸದ ಬಗ್ಗೆ ಜಿಗುಪ್ಸೆ, ಕೈಯಲ್ಲಿ ಏನೂ ಆಗದೆಂಬ ಭಾವನೆ ಇವು ಮೂರನ್ನೂ ಒಳಗೊಂಡ ಸ್ಥಿತಿಗೆ ‘ಬರ್ನ್‌ಔಟ್’ ಎನ್ನುತ್ತಾರೆ. ಇದನ್ನು ಸೋಮಾರಿತನವೆಂದು ಮನೆಯವರು ಹೀಯಾಳಿಸಬಾರದು.

ಯುವಕನಿಗೆ ನಾನು ನಿದ್ರೆಮಾತ್ರೆ ಕೊಡಲಿಲ್ಲ. ಸಂಜೆಯ ಕಾಫಿ ಬಿಡಲು, ಊಟ ಎಂಟಕ್ಕೆ ಮುಗಿಸಲು, ಸಭೆಯ ಬಳಿಕ ಕಂಪ್ಯೂಟರ್ ಮುಚ್ಚಲು, ಮುಂಜಾನೆ ಅರ್ಧ ಗಂಟೆ ನಡೆಯಲು ಹೇಳಿದೆ. ಮೇಲಧಿಕಾರಿಯೊಡನೆ ಮಾತಾಡಲು ಹಿಂಜರಿದ. ತಿಂಗಳಾದ ಮೇಲೆ ಹೇಗೋ ಮಾತಾಡಿದ. ಸಭೆ ಈಗ ಸಂಜೆ ಏಳಕ್ಕೆ. ನಿದ್ರೆ ಸುಧಾರಿಸಿದೆ, ಹೊಟ್ಟೆಯುರಿ ಪೂರ್ತಿ ಹೋಗಿಲ್ಲ.

ಎದೆನೋವು ತೋಳಿಗೆ, ದವಡೆಗೆ ಹರಡಿದರೆ, ಉಸಿರುಗಟ್ಟಿದರೆ ಒತ್ತಡವೆಂದು ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮನಸ್ಸು ತೀರಾ ಕುಗ್ಗಿದವರು 14416ಕ್ಕೆ ಕರೆ ಮಾಡಿ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಅದಕ್ಕೆ ಹಣ ಕೊಡಬೇಕಿಲ್ಲ.