ಟಿವಿ ಬಂತು, ಹಾರ್ಟ್ ಮಾನಿಟರ್ ಸಿಗ್ನಲ್ ಹೋಯ್ತು

1998ರ ಫೆಬ್ರವರಿ. ಅಮೆರಿಕದ ಡಲ್ಲಾಸ್‌ನಲ್ಲಿ ಡಬ್ಲ್ಯೂಎಫ್‌ಎಎ ಟಿವಿ ಸ್ಟೇಷನ್ ಚಾನೆಲ್ 9ರಲ್ಲಿ ಡಿಜಿಟಲ್ ಪ್ರಸಾರ ಟೆಸ್ಟ್ ಮಾಡ್ತು. ಅದೇ ಊರಿನ ಬೇಲರ್ ಆಸ್ಪತ್ರೆಯಲ್ಲಿ ಹೃದ್ರೋಗಿಗಳ ವೈರ್‌ಲೆಸ್ ಮಾನಿಟರ್‌ಗಳು ಕೈಕೊಟ್ಟವು. ವಿಷಯ ತಿಳಿದು ಸ್ಟೇಷನ್‌ನವರು ಪ್ರಸಾರ ನಿಲ್ಲಿಸಿದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಬಗ್ ಎಲ್ಲಿತ್ತು? ನನ್ನ ಪ್ರಕಾರ ಎರಡೂ ಮೆಷೀನುಗಳಲ್ಲಿ ಅಲ್ಲ, ನಿಯಮದಲ್ಲಿ. ಮಾನಿಟರ್‌ಗಳು ಓಡ್ತಿದ್ದದ್ದು ಖಾಲಿ ಬಿದ್ದ ಟಿವಿ ಚಾನೆಲ್‌ಗಳಲ್ಲಿ. ರಿಸರ್ವೇಶನ್ ಇಲ್ಲದೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಖಾಲಿ ಬರ್ತ್ ಹಿಡಿದ ಹಾಗೆ. ಟಿಕೆಟ್ ಇದ್ದವರು ಬಂದರೆ ಏಳಲೇಬೇಕು. ಅದೂ ಅಲ್ಲದೆ, ರೋಗಿಯ ಮೈಮೇಲಿನ ಪುಟ್ಟ ಟ್ರಾನ್ಸ್‌ಮಿಟರ್‌ನ ಸಿಗ್ನಲ್ ಟಿವಿ ಟವರ್ ಅಬ್ಬರದಲ್ಲಿ ಮುಳುಗೇ ಹೋಗುತ್ತೆ.

2000ದಲ್ಲಿ ಅಲ್ಲಿನ ಸಂವಹನ ಆಯೋಗ ಎಫ್‌ಸಿಸಿ ವೈದ್ಯಕೀಯ ಟೆಲಿಮೆಟ್ರಿಗೆ ಬೇರೆ ಬ್ಯಾಂಡ್‌ಗಳನ್ನು ಕೊಟ್ಟಿತು. ಒಂದು, 608–614 ಮೆಗಾಹರ್ಟ್ಸ್, ಅಂದ್ರೆ ಚಾನೆಲ್ 37. ನಕ್ಷತ್ರಗಳಿಂದ ಬರೋ ರೇಡಿಯೋ ಸಿಗ್ನಲ್ ಕೇಳೋಕೆ ಅಂತ ಮೊದಲೇ ಟಿವಿಯವರಿಗೆ ಕೊಡದೆ ಉಳಿಸಿದ್ದ ಜಾಗ ಅದು.