ಬಾಸ್ ಫೈಟ್ ಹಳೇಬೀಡಿನಲ್ಲಿ!

ಒಂದು ಒಗಟು. ಮೊಸಳೆಯ ಬಾಯಿ. ಆನೆಯ ಸೊಂಡಿಲು. ಸಿಂಹದ ಪಾದ. ಹಂದಿಯ ಮೈ. ನವಿಲಿನ ಬಾಲ. ಇಷ್ಟೂ ಒಂದೇ ಮೃಗಕ್ಕೆ! ಯಾವ ವಿಡಿಯೋ ಗೇಮಿನದು ಇದು? ಹೇಳಿ ನೋಡೋಣ.

ಪೋಕೆಮಾನ್? ಅಲ್ಲ. ಡಿಜಿಮಾನ್? ಊಹೂಂ.

ಬೇಲೂರು ಸೀಮೆಯ ಅರೇಹಳ್ಳಿಯಲ್ಲಿ ಬೇಲೂರಿನ ಬಸ್ ಹತ್ತಿ. ಬೇಲೂರಿನಲ್ಲಿ ಇಳಿದು ಹಳೇಬೀಡಿನ ಬಸ್ ಹಿಡಿಯಿರಿ. ಹೊಯ್ಸಳೇಶ್ವರ ಗುಡಿಯ ಹೊರಗೋಡೆಯ ಮುಂದೆ ನಿಂತು, ಮೇಲಿನ ಪಟ್ಟಿಕೆಗಳ ಮೇಲೆ ಕಣ್ಣಾಡಿಸಿ. ಅಗೋ, ಮಕರ! ಒಂದಲ್ಲ, ಎರಡಲ್ಲ. ಗೋಡೆ ತಿರುಗಿದಲ್ಲೆಲ್ಲ ತಾನೂ ತಿರುಗುತ್ತ ಹೋಗುವ ಮಕರಗಳ ಸಾಲು!

ಈ ಗುಡಿಯ ಕೆಲಸ ಶುರುವಾದದ್ದು 1121ರ ಸುಮಾರಿಗೆ. ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಬಂದದ್ದು 1989ರಲ್ಲಿ. ಕಳೆದು ನೋಡಿ. 868 ವರ್ಷ!

ಮೃಗಗಳನ್ನು ಹಿಡಿ, ಸಾಕು, ಬೆಳೆಸು, ಕಾದಾಡಿಸು. ಜಗತ್ತಿನ ಮಕ್ಕಳನ್ನು ಹುಚ್ಚು ಹಿಡಿಸಿದ ಆಟಗಳ ತಿರುಳು ಇಷ್ಟೇ. ಆ ಹುಚ್ಚು ನನಗೂ ಇದೆ. ಅದನ್ನು ತಲೆಯಲ್ಲಿಟ್ಟುಕೊಂಡೇ ಹಳೇಬೀಡಿನ ಗೋಡೆ ಸುತ್ತಿದರೆ ಏನಾಗುತ್ತದೆ ಗೊತ್ತೇ? ಗೋಡೆ ಆಡಲು ಶುರುಮಾಡುತ್ತದೆ!

ಕೆಳಗಿನಿಂದ ನೋಡಿ. ಮೊದಲು ಆನೆ. ಅದರ ಮೇಲೆ ಸಿಂಹ. ಬಳ್ಳಿ. ಕುದುರೆ ಸವಾರರು. ಮತ್ತೆ ಬಳ್ಳಿ. ಆಮೇಲೆ ಕಥೆ: ರಾಮಾಯಣ, ಮಹಾಭಾರತ, ಭಾಗವತ. ಅದರ ಮೇಲೆ ಮಕರ. ತುದಿಗೆ ಹಂಸ. ಒಂದರ ಮೇಲೊಂದು ಲೆವೆಲ್!

ತಳದ ಸಾಲಿನಲ್ಲಿ ಆನೆಗಳು ಎಷ್ಟಿರಬಹುದು? ಒಂದು ಸಂಖ್ಯೆ ಮನಸ್ಸಿನಲ್ಲಿಟ್ಟುಕೊಳ್ಳಿ. ಉತ್ತರ ಈಗಲೇ ಹೇಳುವುದಿಲ್ಲ!

ಈಗ ಜಪಾನಿಗೆ ಹಾರೋಣ. ಸತೋಷಿ ತಾಜಿರಿ ಎಂಬ ಹುಡುಗ. ಚಿಕ್ಕಂದಿನಲ್ಲಿ ಅವನಿಗೆ ಒಂದೇ ಗೀಳು. ಏನು? ಹುಳ ಹಿಡಿಯುವುದು! ಜೀರುಂಡೆ, ದುಂಬಿ, ಸಿಕ್ಕಿದ್ದೆಲ್ಲ. ದೊಡ್ಡವನಾದ. ಎರಡು ಗೇಮ್ ಬಾಯ್‌ಗಳನ್ನು ಜೋಡಿಸುವ ತಂತಿ ಕಂಡ. ಆ ತಂತಿಯ ಮೇಲೆ ಹುಳವೊಂದು ಈ ಕಡೆಯಿಂದ ಆ ಕಡೆಗೆ ತೆವಳಿಹೋದಂತೆ ಕಲ್ಪಿಸಿಕೊಂಡ. ಅಷ್ಟೇ! 1996ರ ಫೆಬ್ರವರಿ 27ರಂದು ಪೋಕೆಮಾನ್ ಹುಟ್ಟಿತು. 150 ಮೃಗಗಳು.

ತಡೀರಿ. 150 ಅಲ್ಲ, 151!

ಆಟ ಸಿದ್ಧವಾಗಿತ್ತು. ತಪ್ಪು ಹುಡುಕಲೆಂದು ಒಳಗಿಟ್ಟಿದ್ದ ಸಲಕರಣೆಗಳನ್ನು ಕೊನೆಯಲ್ಲಿ ತೆಗೆದರು. ಚೂರು ಜಾಗ ಉಳಿಯಿತು. ಎಷ್ಟು ಚೂರು? ಸುಮಾರು 300 ಬೈಟ್. ಇಂದಿನ ಫೋನಿನಲ್ಲಿ ಕನ್ನಡದ ಒಂದು ಉದ್ದನೆಯ ವಾಕ್ಯಕ್ಕೂ ಅದು ಸಾಲದು! ಶಿಗೆಕಿ ಮೊರಿಮೊಟೊ ಎಂಬ ಪ್ರೋಗ್ರಾಮರ್ ಆ ಸಂದಿಯಲ್ಲಿ ಒಂದು ಮೃಗವನ್ನು ಸದ್ದಿಲ್ಲದೆ ತೂರಿಸಿಬಿಟ್ಟರು. ಅದೇ ಮ್ಯೂ. ಆಡುವವರಿಗೆ ಅದು ಸುಲಭಕ್ಕೆ ಸಿಗುವಂತೆಯೇ ಇರಲಿಲ್ಲ. ಇದೆಯಂತೆ, ಇಲ್ಲವಂತೆ, ಎಂಬ ಗುಸುಗುಸು ಹಬ್ಬಿದ್ದೇ ತಡ, ಆಟದ ಹುಚ್ಚು ನೂರ್ಮಡಿಯಾಯಿತು!

ಇಂಥ ಅಡಗಿಸಿಡುವ ಕಿಲಾಡಿತನ ನಮ್ಮಲ್ಲಿ ಇಲ್ಲವೆಂದುಕೊಂಡಿರಾ? ಬೇಲೂರಿಗೆ ಬನ್ನಿ. 1117ರ ಚೆನ್ನಕೇಶವ ಗುಡಿ. ಎಲ್ಲರೂ ಕತ್ತೆತ್ತಿ ಮದನಿಕೆಯರ ಮುಖ ನೋಡುತ್ತಾರೆ. ನೀವು ಮುಖ ಬಿಡಿ. ಒಬ್ಬ ಮದನಿಕೆಯ ತಲೆಯ ಮೇಲಿನ ಎಲೆಗೊಂಚಲಿನೊಳಗೆ ಇಣುಕಿ. ಹಲಸಿನ ಹಣ್ಣು. ಹಣ್ಣಿನ ಮೇಲೆ ನೊಣ. ನೊಣದ ಮೇಲೆ ಕಣ್ಣಿಟ್ಟ ಹಲ್ಲಿ! ಮೈಯೆಲ್ಲ ಬಿಗಿಹಿಡಿದು, ಇನ್ನೇನು ನೆಗೆಯಬೇಕು! ಗೈಡ್ ತೋರಿಸದಿದ್ದರೆ ನೂರಕ್ಕೆ ತೊಂಬತ್ತು ಮಂದಿಗೆ ಇದು ಕಾಣುವುದೇ ಇಲ್ಲ. ಇಲ್ಲೂ ಹುಳ. ಅಲ್ಲೂ ಹುಳ!

ಸರಿ, ಕಾಳಗಕ್ಕೆ ಬರೋಣ. ಪೋಕೆಮಾನ್ ಆಡಿದವರನ್ನು ಯಾರನ್ನಾದರೂ ಕೇಳಿ: ಬಾಲ್ಯದಲ್ಲಿ ನಿಮ್ಮನ್ನು ಅಳಿಸಿದ ಮೃಗ ಯಾವುದು? ಡ್ರ್ಯಾಗನ್? ಭೂತ? ಬೆಂಕಿ ಉಗುಳುವ ಹಲ್ಲಿ?

ಹಸು ಕಣ್ರೀ, ಹಸು! ಗುಲಾಬಿ ಬಣ್ಣದ ಹಾಲುಹಸು!

1999ರ ಗೋಲ್ಡ್ ಮತ್ತು ಸಿಲ್ವರ್ ಆಟಗಳು. ವಿಟ್ನಿ ಎಂಬ ಹುಡುಗಿ. ಅವಳ ಮಿಲ್ಟ್ಯಾಂಕ್. ಅದು ಚೆಂಡಿನಂತೆ ಉರುಳಿ ಬಂದು ಗುದ್ದುತ್ತದೆ. ಮೊದಲ ಗುದ್ದಿನ ಬಲ 30. ಪರವಾಗಿಲ್ಲ. ಎರಡನೆಯದು 60. ಮೂರನೆಯದು 120. ನಾಲ್ಕನೆಯದು 240. ಐದನೆಯದು? 480! ಅಷ್ಟು ಹೊತ್ತಿಗೆ ನಿಮ್ಮ ಪಡೆಯಲ್ಲಿ ಯಾರೂ ಎದ್ದು ನಿಂತಿರುವುದಿಲ್ಲ.

ಹೇಗೋ ಗೆದ್ದಿರಿ ಅನ್ನಿ. ಪದಕ ಕೊಡಬೇಕಲ್ಲ? ವಿಟ್ನಿ ಕೂಡಲೇ ಕೊಡುವುದಿಲ್ಲ. ಜೋರಾಗಿ ಅಳಲು ಶುರುಮಾಡುತ್ತಾಳೆ! ಗೆದ್ದ ನೀವು ಪೆಚ್ಚಾಗಿ ನಿಲ್ಲುತ್ತೀರಿ. ಆ ಒಂದು ಅಳುವಿನಲ್ಲಿ ಅವಳು ಗೊಂಬೆಯಿಂದ ಮನುಷ್ಯಳಾಗಿಬಿಡುತ್ತಾಳೆ. ನನ್ನನ್ನು ಕೇಳಿದರೆ ಆ ಆಟದ ಅತ್ಯುತ್ತಮ ಬರವಣಿಗೆ ಅದೇ.

ಅದಕ್ಕೊಂದೇ ಪೈಪೋಟಿ. ಅದೇ ಆಟದ ಕೊನೆಯಲ್ಲಿ ಒಂದು ಬೆಟ್ಟ. ಹತ್ತುತ್ತೀರಿ. ಒಳಗಿನ ಗುಹೆಯ ಕೊನೆಯಲ್ಲಿ ಒಬ್ಬ ನಿಂತಿದ್ದಾನೆ. ಅವನ ಪಿಕಾಚು 81ನೇ ಲೆವೆಲ್! ಯಾರವನು? ಊಹಿಸಿ. ಖಳನೇ? ರಾಜನೇ? ಅಲ್ಲ. ಅವನ ಹೆಸರು ರೆಡ್. ಮೂರು ವರ್ಷದ ಹಿಂದಿನ ಮೊದಲ ಆಟದ ನಾಯಕ. ಆಗ ಅವನನ್ನು ಆಡಿಸಿದ್ದು ಯಾರು? ನೀವೇ! ನಿಮ್ಮ ಎದುರಾಳಿ ನೀವು! ಅವನು ಒಂದು ಮಾತೂ ಆಡುವುದಿಲ್ಲ. ಬರೀ ಮೂರು ಚುಕ್ಕಿ. ಕಾಳಗ ಶುರು.

ಆದರೆ ನಿಜ ಹೇಳಲೇ? ಪೋಕೆಮಾನ್‌ಗಿಂತ ಹಿರಿಯ ಆಟವೊಂದಿದೆ. ಅದರ ಮುಂದೆ ಇದೆಲ್ಲ ಮಕ್ಕಳಾಟ.

1987. ಪೋಕೆಮಾನ್ ಹುಟ್ಟಲು ಇನ್ನೂ ಒಂಬತ್ತು ವರ್ಷ. ಆಗಲೇ ಮೆಗಾಮಿ ಟೆನ್ಸೇ ಬಂದಿತ್ತು! ಇಲ್ಲಿ ಮೃಗಗಳನ್ನು ಬಲೆ ಬೀಸಿ ಹಿಡಿಯುವಂತಿಲ್ಲ. ಮಾತಾಡಿಸಬೇಕು. ಪುಸಲಾಯಿಸಬೇಕು. ಚೌಕಾಸಿ ಮಾಡಬೇಕು! ಇಷ್ಟಕ್ಕೂ ಇಲ್ಲಿನ ಮೃಗಗಳು ಯಾರು? ಜಗತ್ತಿನ ಪುರಾಣಗಳಿಂದ ಎದ್ದುಬಂದ ದೇವರು, ದೆವ್ವ, ಯಕ್ಷ, ರಾಕ್ಷಸ. ನಮ್ಮ ಗಣೇಶ ಇದ್ದಾನೆ. ಗರುಡ ಇದ್ದಾನೆ. ಕಾಳಿ ಇದ್ದಾಳೆ. ಈ ಸರಣಿಯ 2016ರ ಒಂದು ಆಟದಲ್ಲಿ ಕೃಷ್ಣ ಖಳರ ಮುಂದಾಳು! ಹುಬ್ಬೇರಿತೇ? ನನಗೂ ಏರಿತ್ತು.

ಎಲ್ಲಕ್ಕಿಂತ ಬೆರಗಿನದು ಬೆಸುಗೆ. ಎರಡು ಮೃಗಗಳನ್ನು ಬೆಸೆದರೆ ಮೂರನೆಯದು ಹುಟ್ಟುತ್ತದೆ. ಮೊಸಳೆಗೆ ಆನೆ, ಆನೆಗೆ ನವಿಲು. ಹೌದು, ಮಕರ ಹುಟ್ಟಿದ ಬಗೆಯೇ!

ಈಗ ಇನ್ನೊಂದು ಒಗಟು. ಇದೇ ಸರಣಿಯ 2003ರ ನಾಕ್ಟರ್ನ್ ಎಂಬ ಆಟದಲ್ಲಿ ನಿಮಗೆ ಶಿವ ಬೇಕು. ಯಾರನ್ನು ಯಾರೊಡನೆ ಬೆಸೆಯಬೇಕು?

ಸಾಧ್ಯವೇ ಇಲ್ಲ, ಊಹಿಸಲಾರಿರಿ! ಬಾಲಿ ದ್ವೀಪದ ಬಾರೋಂಗ್ ಮತ್ತು ರಂಗಡಾ. ಬಾರೋಂಗ್ ಊರು ಕಾಯುವ ಸಿಂಹರೂಪಿ. ರಂಗಡಾ ನಾಲಗೆ ಚಾಚಿದ ಮಾಟಗಾತಿ. ಬಾಲಿಯ ರಂಗದ ಮೇಲೆ ಇಬ್ಬರೂ ಇಂದಿಗೂ ಕಾದಾಡುತ್ತಾರೆ. ಯಾರೂ ಪೂರ್ತಿ ಗೆಲ್ಲುವುದಿಲ್ಲ. ಆ ಎಂದೂ ಮುಗಿಯದ ಹಗೆಗಳನ್ನು ಒಂದುಗೂಡಿಸಿದರೆ ಹುಟ್ಟುವವನು ಶಿವ! ಎಂಥ ಕಲ್ಪನೆ! ಅಬ್ಬಬ್ಬಾ!

ಅದೇ ನಾಕ್ಟರ್ನ್‌ನಲ್ಲಿ ಮಟಡೋರ್ ಸಿಗುತ್ತಾನೆ. ಗೂಳಿಕಾಳಗದವನ ಅಸ್ಥಿಪಂಜರ. ಅಲ್ಲಿಯವರೆಗೆ ಬಡಿದು ಬಡಿದೇ ಗೆದ್ದು ಬಂದವರೆಲ್ಲ ಇಲ್ಲಿ ಮಕಾಡೆ! ಅವನು ಕೆಂಪು ಬಟ್ಟೆ ಬೀಸುತ್ತಾನೆ. ಅಷ್ಟೇ, ಅವನ ಚುರುಕು ತುತ್ತತುದಿಗೆ ಏರುತ್ತದೆ. ನಿಮ್ಮ ಏಟು ಗಾಳಿಗೆ. ಈ ಆಟದಲ್ಲಿ ಏಟು ತಪ್ಪಿದರೆ ದಂಡ: ಒಂದಲ್ಲ, ಎರಡು ಸರದಿ ಹೋಯಿತು! ಎದುರಾಳಿಯ ದುರ್ಬಲ ಜಾಗಕ್ಕೆ ಹೊಡೆದರೆ ಹೆಚ್ಚುವರಿ ಸರದಿ. ಅವನಿಗೂ ಅದೇ ಕಾನೂನು. ಬಲ ಕೆಲಸಕ್ಕೆ ಬಾರದು. ಅವನ ಚುರುಕು ಇಳಿಸಬೇಕು, ನಿಮ್ಮದು ಏರಿಸಬೇಕು, ಪಡೆಯನ್ನೇ ಬದಲಿಸಬೇಕು. ನೀವು ಬದಲಾಗದೆ ಅವನು ಸೋಲುವುದಿಲ್ಲ! ಕಥೆ ಹೇಳದೆಯೇ ಕಥೆ ಹೇಳುವುದೆಂದರೆ ಇದು.

ಹಳೇಬೀಡಿಗೆ ಹಿಂತಿರುಗಿ. ಇಲ್ಲಿನ ಬಾಸ್‌ಗಳನ್ನು, ಅಂದರೆ ಸೋಲಿಸಲೇಬೇಕಾದ ದೊಡ್ಡ ಎದುರಾಳಿಗಳನ್ನು, ನೋಡಿ!

ರಾವಣ. ಕೈಲಾಸವನ್ನೇ ಎತ್ತುತ್ತಿದ್ದಾನೆ! ಹತ್ತು ತಲೆ, ಇಪ್ಪತ್ತು ತೋಳು. ಅವನ ಮೇಲೆ ಬೆಟ್ಟ. ಬೆಟ್ಟದ ತುಂಬ ಗಣಗಳು, ಪ್ರಾಣಿಗಳು. ತುದಿಯಲ್ಲಿ ಶಿವ ಪಾರ್ವತಿ. ಶಿವನ ಕಾಲ್ಬೆರಳು ಒಂದು ಒತ್ತಿದರೆ ಆಟ ಮುಗಿಯಿತು. ಅಲ್ಲಿಗೂ ಮುಗಿಯುವುದಿಲ್ಲ! ಸೋತ ರಾವಣ ಹಾಡುತ್ತಾನೆ, ಒಲಿಸಿಕೊಳ್ಳುತ್ತಾನೆ, ಖಡ್ಗ ಪಡೆದು ಎದ್ದುಹೋಗುತ್ತಾನೆ. ಸೋಲಿನಿಂದ ಲೆವೆಲ್ ಏರಿದ ಖಳ!

ಗಜಾಸುರ. ಆನೆಯ ರೂಪದ ಅಸುರ. ಶಿವ ಅವನನ್ನು ಸೀಳಿ, ಸುಲಿದ ಚರ್ಮವನ್ನು ಎತ್ತಿಹಿಡಿದು, ಕುಣಿಯುತ್ತಿದ್ದಾನೆ. ಕಾಲಡಿಯಲ್ಲಿ ಆನೆಯ ತಲೆ.

ಕೀರ್ತಿಮುಖ. ಇದರ ಕಥೆ ಗೊತ್ತೇ? ರಾಹುವನ್ನು ತಿನ್ನಲೆಂದೇ ಶಿವ ಹುಟ್ಟಿಸಿದ ಹಸಿದ ಮೃಗ. ರಾಹು ಶರಣಾದ, ಬಚಾವಾದ. ಮೃಗದ ಹಸಿವು? ಅದು ಹಾಗೇ ಇದೆ! ನಾನೀಗ ಏನು ತಿನ್ನಲಿ? ನಿನ್ನನ್ನೇ ತಿಂದುಕೋ, ಅಂದ ಶಿವ. ತಿಂದಿತು! ಬಾಲ, ಕಾಲು, ಹೊಟ್ಟೆ, ಎದೆ. ಕೊನೆಗೆ ಉಳಿದದ್ದು ಮುಖವೊಂದೇ. ಮೆಚ್ಚಿದ ಶಿವ ಅದನ್ನು ಬಾಗಿಲ ಮೇಲೆ ಏರಿಸಿದ. ಪೋಕೆಮಾನ್‌ನಲ್ಲಿ ಕೆಲಸಕ್ಕೆ ಬಾರದ ಮ್ಯಾಜಿಕಾರ್ಪ್ ಮೀನು 20ನೇ ಲೆವೆಲ್‌ಗೆ ಭಯಂಕರ ಗಯರಡೋಸ್ ಆಗುತ್ತದೆ. ಬೆಳೆದು ಬದಲಾಗುವುದು ಸರಿ. ತನ್ನನ್ನೇ ತಿಂದು ಬದಲಾಗುವುದು? ಅದನ್ನು ಯಾವ ಗೇಮ್ ಕಂಪನಿಯೂ ಮುಟ್ಟಿದ್ದು ನಾನಂತೂ ಕಂಡಿಲ್ಲ!

ಒಂದು ಮಾತು ಗಮನಿಸಿ. ಸೋತ ಗಜಾಸುರನನ್ನು ಶಿಲ್ಪಿ ಕಡೆಗಣಿಸಿಲ್ಲ. ರಾವಣನ ಕಿರೀಟ, ತೋಳುಗಳಲ್ಲಿ ಒಂದಿಷ್ಟೂ ಕಂಜೂಸಿ ಇಲ್ಲ. ಗೆದ್ದವನಿಗೆ ಎಷ್ಟು ಉಳಿಯೋ ಸೋತವನಿಗೂ ಅಷ್ಟೇ ಉಳಿ! ಕಲ್ಲೂ ಕೈಗೂಡಿತ್ತು ಅನ್ನಿ. ಬಳಪದ ಕಲ್ಲು: ಗಣಿಯಿಂದ ತೆಗೆದಾಗ ಮೆದು, ಗಾಳಿ ತಾಗುತ್ತ ತಾಗುತ್ತ ಗಟ್ಟಿ.

ಹಾಂ, ಆನೆಗಳು! ನಿಮ್ಮ ಸಂಖ್ಯೆ ಎಷ್ಟು? ನೂರು? ಐನೂರು?

ಮೊದಲು ಇದನ್ನು ಕೇಳಿ. ಸ್ಕಾರ್ಲೆಟ್ ಮತ್ತು ವಯಲೆಟ್ ಆಟಗಳವರೆಗೆ, ಕಾಲು ಶತಮಾನಕ್ಕೂ ಹೆಚ್ಚು ಕಾಲ ದುಡಿದು ಪೋಕೆಮಾನ್ ತಂಡ ಕಲೆಹಾಕಿದ ಮೃಗಗಳು 1025. ಹಳೇಬೀಡಿನ ಆನೆಗಳ ಲೆಕ್ಕವನ್ನು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೆಚ್ಚು ಕೇಳಿಬರುವುದು 1248. ಬರೀ ಆನೆಗಳು! ಬರೀ ತಳದ ಸಾಲು! ಸೊಂಡಿಲು ಮಡಚಿದ್ದು, ಚಾಚಿದ್ದು, ಮುಂದಿನದರ ಬಾಲಕ್ಕೆ ತಾಗಿಸಿದ್ದು. ಅರೇಹಳ್ಳಿಯ ಕಡೆಯವರಿಗೆ ಆನೆ ಬರೀ ಕಲ್ಲಲ್ಲ, ತೋಟಕ್ಕೆ ನುಗ್ಗುವ ಪ್ರಾಣಿ. ಆನೆಯ ನಡಿಗೆ ಕಂಡು ಅದರ ಗುಣ ಹೇಳಬಲ್ಲವರು ಇಲ್ಲಿದ್ದಾರೆ. ಅವರನ್ನು ಜೊತೆಗೆ ಕರೆದುಕೊಂಡು ಈ ಸಾಲು ನೋಡಬೇಕು!

ಕೊನೆಗೆ ಉಳಿಸಿಕೊಂಡ ಕಾಳಗ ಒಂದಿದೆ. ಎಲ್ಲಕ್ಕಿಂತ ಕಠಿಣವಾದದ್ದು.

ಕಥೆಯ ಪಟ್ಟಿಕೆಯಲ್ಲಿ ಹುಡುಕಿ. ಸುರುಳಿ ಸುರುಳಿಯಾಗಿ ಸುತ್ತಿದ ಗೆರೆಗಳು. ಚಕ್ರವ್ಯೂಹ! ಅಭಿಮನ್ಯುವಿಗೆ ಹದಿನಾರು ವರ್ಷ. ಒಳಹೋಗುವ ದಾರಿ ಗೊತ್ತು. ಹೊರಬರುವುದು ಗೊತ್ತಿಲ್ಲ. ಬೆನ್ನಿಗೆ ಬರಬೇಕಿದ್ದ ಪಾಂಡವರನ್ನು ಜಯದ್ರಥ ವ್ಯೂಹದ ಬಾಯಲ್ಲೇ ತಡೆದ. ಬಿಲ್ಲು ಹೋಯಿತು. ರಥ ಹೋಯಿತು. ಕತ್ತಿ ಹೋಯಿತು. ಅಭಿಮನ್ಯು ರಥದ ಗಾಲಿಯನ್ನೇ ಎತ್ತಿಕೊಂಡ! ಈ ಆಟದಲ್ಲಿ ಸೇವ್ ಪಾಯಿಂಟ್ ಇಲ್ಲ. ಇನ್ನೊಂದು ಜೀವ ಇಲ್ಲ.

ಗ್ರೀಕರ ಕ್ರೀಟ್ ದ್ವೀಪದ ಹಳೆಯ ನಾಣ್ಯಗಳ ಮೇಲೂ ಸುತ್ತುದಾರಿಯ ಚಿತ್ರವಿದೆ. ಅವರ ಕಥೆಯಲ್ಲಿ ಆ ದಾರಿಯ ನಡುವೆ ಕೂತಿರುವವನು ಮಿನೋಟಾರ್. ಗೂಳಿಯ ತಲೆ, ಮನುಷ್ಯನ ಮೈ. ನಮ್ಮ ಸುರುಳಿಯ ನಡುವೆ ಯಾವ ಮೃಗ? ಯಾವುದೂ ಇಲ್ಲ! ದ್ರೋಣ, ಕೃಪ, ಕರ್ಣ. ಅಪ್ಪನಿಗೆ ಪಾಠ ಹೇಳಿದ ಗುರುಗಳು, ದೊಡ್ಡಪ್ಪ. ಆನೆ, ಸಿಂಹ, ಮಕರಗಳ ನಡುವೆ ಆ ಗೋಡೆಯಲ್ಲಿ ಇವರಷ್ಟು ಕಷ್ಟದ ಬಾಸ್‌ಗಳು ಇನ್ನಿಲ್ಲ.

ಹೋದಾಗ ಆ ಸುರುಳಿಯ ಮುಂದೆ ಐದು ನಿಮಿಷ ನಿಲ್ಲಿ. ಕಲ್ಲು ಮುಟ್ಟಬೇಡಿ, ಕಣ್ಣಿನಲ್ಲೇ ಒಳಗೆ ಹೋಗಿ. ಹೊರಬರುವ ದಾರಿ ಸಿಕ್ಕರೆ ನನಗೂ ಒಂದು ಫೋನ್ ಮಾಡಿ!